ಒಬ್ರೇ ಬೆಟ್ಟಕ್ಕೆ ಹೊರಟಾಗ ಟ್ರೈನಾ, ಫ್ಲೈಟಾ: ದಾವಣಗೆರೆಯಿಂದ ಹಾಕಿದ ಲೆಕ್ಕ

ದಾವಣಗೆರೆಗೆ ಏರ್‌ಪೋರ್ಟ್ ಇಲ್ಲ. ಈ ಒಂದು ಮಾತಿಂದಾನೇ ಲೆಕ್ಕ ಶುರು ಮಾಡ್ಬೇಕು. ಬೆಂಗಳೂರಿನವರು ಹಾಕೋ ಪ್ಲಾನಲ್ಲಿ "ಫ್ಲೈಟಲ್ಲಿ ಮೂರು ಗಂಟೆ, ಟ್ರೈನಲ್ಲಿ ಎರಡು ದಿನ" ಅಂತ ಒಂದೇ ಸಾಲಲ್ಲಿ ಮುಗಿದು ಹೋಗಿರುತ್ತೆ, ಅದು ಅವರ ಮನೆಯಿಂದ ನೋಡಿದ್ರೆ ಸರಿ, ನಮ್ಮ ಮನೆಯಿಂದ ನೋಡಿದ್ರೆ ಸರಿ ಅಲ್ಲ.

ನಾನು ಇಲ್ಲೇ ಹೈಸ್ಕೂಲಲ್ಲಿ ಟೀಚರ್. ದಸರಾ ರಜೆ, ಬೇಸಿಗೆ ರಜೆ ಬಿಟ್ರೆ ನಂಗೆ ಬೇರೆ ದಿನ ಸಿಗೋದು ಅಪರೂಪ, ಸಿಕ್ಕ ದಿನಗಳಲ್ಲೇ ಕೆಲವು ವರ್ಷಗಳಿಂದ ಒಬ್ಳೇ ಬೆಟ್ಟದ ಕಡೆ ಹೋಗಿ ಬರ್ತಾ ಇದೀನಿ, ಶಿಮ್ಲಾ, ಡಾರ್ಜಿಲಿಂಗ್, ಲೇಹ್, ಊಟಿ, ನಮ್ಮ ಸಕಲೇಶಪುರದ ಘಾಟು. ಪ್ರತಿ ಸಲ ಸ್ಟಾಫ್ ರೂಮಲ್ಲಿ ಯಾರಾದ್ರೂ ಕೇಳೋದು ಒಂದೇ, "ಮೇಡಂ, ಫ್ಲೈಟಲ್ಲಿ ಹೋದ್ರೋ ಟ್ರೈನಲ್ಲೋ, ಯಾವುದು ಬೆಸ್ಟು?" ಕಾರಿಡಾರಲ್ಲಿ ನಿಂತು ಅರ್ಧ ನಿಮಿಷದಲ್ಲಿ ಹೇಳೋಕೆ ಆಗಲ್ಲ ಅಂತ ಇಲ್ಲಿ ಪೂರ್ತಿ ಬರೀತಿದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ದುಡ್ಡು, ರಜೆ, ಮೈಯಲ್ಲಿರೋ ತ್ರಾಣ ಮೂರನ್ನೂ ಲೆಕ್ಕಕ್ಕೆ ತಗೊಂಡ್ರೆ, ದಾವಣಗೆರೆ ಕಡೆಯಿಂದ ಹಿಮಾಲಯಕ್ಕೆ ಒಬ್ರೇ ಹೊರಟವರು ಹೋಗುವಾಗ ಟ್ರೈನು, ಬರುವಾಗ ಫ್ಲೈಟು ಮಾಡೋದು ಒಳ್ಳೇದು. ಆದ್ರೆ ಡಾರ್ಜಿಲಿಂಗ್‌ಗೆ ಈ ಮಾತು ಹೊಂದಲ್ಲ, ಲೇಹ್ ಕಥೆನೇ ಬೇರೆ, ಹತ್ತಿರದ ಘಟ್ಟಗಳಿಗೆ ಫ್ಲೈಟಿನ ಮಾತೇ ಬರಲ್ಲ. ಹಾಗಾಗಿ ಒಂದೊಂದೇ ನೋಡೋಣ.

ಮನೆ ಬಾಗಿಲಿಂದ ಗಂಟೆ ಎಣಿಸಿ

ನಮಗೆ ಸಿಗೋ ಏರ್‌ಪೋರ್ಟ್ ಮೂರು. ಹತ್ತಿರದ್ದು ಶಿವಮೊಗ್ಗ, ಸೋಗಾನೆಯಲ್ಲಿರೋದು, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಗಿ ಅದೇ ವರ್ಷ ಆಗಸ್ಟ್ ಕೊನೆಗೆ ವಿಮಾನ ಹಾರೋಕೆ ಶುರುವಾಯ್ತು, ಹೊನ್ನಾಳಿ ಮೇಲೆ ಹೋದ್ರೆ ಎರಡು ಗಂಟೆ ಚಿಲ್ಲರೆ. ಆದ್ರೆ ಅಲ್ಲಿಂದ ಫ್ಲೈಟೇ ಕಮ್ಮಿ, ಉತ್ತರದ ಬೆಟ್ಟಗಳಿಗೆ ಹೋಗೋಕೆ ಎಲ್ಲಾದ್ರೂ ಬದಲಾಯಿಸ್ಲೇಬೇಕು. ಎರಡನೇದು ಹುಬ್ಬಳ್ಳಿ, ಸುಮಾರು 150 ಕಿಲೋಮೀಟರ್, ನೀವು ಹೋಗೋ ದಿನಕ್ಕೆ ಟೈಮ್ ಹೊಂದಿದ್ರೆ ಇದು ನಿಜಕ್ಕೂ ಆರಾಮು, ಸಣ್ಣ ಏರ್‌ಪೋರ್ಟು, ಉದ್ದ ಕ್ಯೂ ಇರಲ್ಲ. ಮೂರನೇದು ದೇವನಹಳ್ಳಿ, ನಾವೆಲ್ಲ ಕೊನೆಗೆ ಹೋಗಿ ಬೀಳೋದು ಅಲ್ಲಿಗೇ, ಎಲ್ಲಾ ಕಡೆಗೂ ನೇರ ಫ್ಲೈಟ್ ಇರೋದು ಅಲ್ಲೇ.

ಈಗ ಚಂಡೀಗಢದ ಉದಾಹರಣೆ ತಗೊಳ್ಳಿ, ಶಿಮ್ಲಾಗೆ ಅದೇ ಬಾಗಿಲು. ರಾತ್ರಿ ಹತ್ತೂವರೆ ಬಸ್ಸಿಗೆ ದಾವಣಗೆರೆ ಬಿಟ್ರೆ ನಸುಕಲ್ಲಿ ಮೆಜೆಸ್ಟಿಕ್, ಅಲ್ಲಿಂದ ಏರ್‌ಪೋರ್ಟ್ ಬಸ್ಸು ವಾಯುವಜ್ರ ಹತ್ತಿ ಒಂದು ಗಂಟೆ ಮೇಲೆ, ಬೋರ್ಡಿಂಗಿಗೆ ಎರಡು ಗಂಟೆ ಮುಂಚೆ ಅಲ್ಲಿರ್ಬೇಕು, ಆಮೇಲೆ ಹತ್ರ ಹತ್ರ ಮೂರು ಗಂಟೆ ಹಾರಾಟ, ಇಳಿದು ಬ್ಯಾಗ್ ತಗೊಂಡು ಆಚೆ ಬರೋ ಹೊತ್ತಿಗೆ ಮಧ್ಯಾಹ್ನ. ಒಟ್ಟು ಹದಿನಾಲ್ಕು ಗಂಟೆ ಆಯ್ತು. ಮೂರು ಗಂಟೆ ಅನ್ನೋದು ಅದರಲ್ಲಿ ಬರೀ ಆಕಾಶದಲ್ಲಿದ್ದ ಹೊತ್ತು ಅಷ್ಟೇ. ಜೊತೆಗೆ ಬಸ್ಸಲ್ಲಿ ನಿದ್ದೆ ಆಗಿರಲ್ಲ, ಚಂಡೀಗಢ ಬಿಸಿಲಲ್ಲಿ ನಿಂತಾಗ ಕಣ್ಣು ಉರೀತಿರುತ್ತೆ.

(ನಾಲ್ಕು ಜನ ಇದ್ದು ಟ್ಯಾಕ್ಸಿ ಮಾಡ್ಕೊಂಡ್ರೆ ದಾಬಸ್‌ಪೇಟೆ ಹತ್ರ ಹೈವೇ ಬಿಟ್ಟು ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋಗ್ಬಹುದು, ನೆಲಮಂಗಲದ ಟ್ರಾಫಿಕ್ ತಪ್ಪುತ್ತೆ. ಒಬ್ರಿಗೆ ಅದು ದುಬಾರಿ. ಒಬ್ರೇ ಇದ್ದು ರಾತ್ರಿ ಫ್ಲೈಟ್ ಇದ್ರೆ ಧಾರವಾಡದಿಂದ ಬರೋ ವಂದೇ ಭಾರತ್ ಮಧ್ಯಾಹ್ನ ಮೇಲೆ ದಾವಣಗೆರೇಲಿ ಹತ್ತಿ ಸಂಜೆ ಬೆಂಗಳೂರಲ್ಲಿ ಇಳಿಯೋದು ಎಲ್ಲಕ್ಕಿಂತ ನೆಮ್ಮದಿ.)

ಇನ್ನು ಟ್ರೈನು. ಯಶವಂತಪುರದಿಂದ ಚಂಡೀಗಢಕ್ಕೆ ಹೋಗೋ ಕರ್ನಾಟಕ ಸಂಪರ್ಕ ಕ್ರಾಂತಿ ನಮ್ಮ ದಾವಣಗೆರೆ ಮೇಲೇ ಹೋಗುತ್ತೆ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಭೋಪಾಲ್, ದೆಹಲಿ ಹೀಗೆ. ಇದು ನಮ್ಮೂರಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ! ನೇರವಾಗಿ ಹಿಮಾಲಯದ ಬುಡಕ್ಕೆ ಹೋಗೋ ಟ್ರೈನು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುತ್ತೆ ಅಂದ್ರೆ ಸಣ್ಣ ಮಾತಾ? ದಿನಾ ಇಲ್ಲ, ದಿನ ನೋಡ್ಕೊಂಡು ರಜೆ ಹೊಂದಿಸ್ಬೇಕು. ಸಂಜೆ ಹತ್ತಿದ್ರೆ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು, ಮೂರನೇ ದಿನ ಬೆಳಗ್ಗೆ ದೆಹಲಿ, ಮಧ್ಯಾಹ್ನ ಮೇಲೆ ಚಂಡೀಗಢ. ಹತ್ರ ಹತ್ರ ನಲವತ್ತೈದು ಗಂಟೆ. ಚಿತ್ರದುರ್ಗದವರು ಚಿಕ್ಕಜಾಜೂರಿನ ಕಡೆ ನೋಡದೆ ಸೀದಾ ದಾವಣಗೆರೆಗೇ ಬಂದು ಹತ್ತೋದು ವಾಸಿ, 60 ಕಿಲೋಮೀಟರ್, ಬಸ್ಸು ಎಷ್ಟು ಬೇಕಾದ್ರೂ ಇವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಶಿಮ್ಲಾಗೆ ಹೋಗೋ ಟಾಯ್ ಟ್ರೈನ್ ಚಂಡೀಗಢದ ಹತ್ರದ ಕಾಲ್ಕಾದಿಂದ ಹೊರಡೋದು ಹೆಚ್ಚಾಗಿ ಬೆಳಗಿನ ಹೊತ್ತು. ಅಂದ್ರೆ ನೀವು ಫ್ಲೈಟಲ್ಲಿ ಮಧ್ಯಾಹ್ನ ಬಂದಿಳಿದ್ರೂ, ಟ್ರೈನಲ್ಲಿ ಮಧ್ಯಾಹ್ನ ಮೇಲೆ ಬಂದಿಳಿದ್ರೂ, ಆ ರಾತ್ರಿ ಚಂಡೀಗಢದಲ್ಲೋ ಕಾಲ್ಕಾದಲ್ಲೋ ಉಳಿದು ಮರುದಿನ ಬೆಳಗ್ಗೆ ಅದೇ ಟಾಯ್ ಟ್ರೈನ್ ಹತ್ತೋದು. ಹಾಗಾಗಿ ಫ್ಲೈಟಿನಿಂದ ಉಳಿಯೋದು ಒಂದೇ ಒಂದು ದಿನ, ಅದಕ್ಕೆ ಕೊಡೋ ದುಡ್ಡು ಸ್ಲೀಪರ್ ಟಿಕೆಟಿನ ಆರೇಳು ಪಟ್ಟು. ನಾನು ಸ್ಲೀಪರಲ್ಲಿ ಸಾವಿರ ರೂಪಾಯಿ ಆಸುಪಾಸಲ್ಲಿ ಹೋಗಿದೀನಿ, ಫ್ಲೈಟು ಆರು ಸಾವಿರಕ್ಕೆ ಸಿಕ್ಕಿದ್ದೂ ಇದೆ, ಮೇ ರಜೆಯಲ್ಲಿ ಹನ್ನೆರಡು ದಾಟಿದ್ದೂ ನೋಡಿದೀನಿ.

ಟ್ರೈನಲ್ಲಿ ಆ ಒಂದು ದಿನ ಏನಾಗುತ್ತೆ

ಇದನ್ನ ಹೇಳದೆ ಹೋದ್ರೆ ಬರೀ ದುಡ್ಡಿನ ಲೆಕ್ಕ ಆಗುತ್ತೆ. ದಾವಣಗೆರೆ ಬಿಟ್ಟು ಹರಿಹರ ದಾಟಿದ ತಕ್ಷಣ ತುಂಗಭದ್ರೆ ಬರ್ತಾಳೆ, ಬೋಗಿ ಕೆಳಗಿನ ಸದ್ದು ಒಂದೇ ಸಲ ಬದಲಾಗುತ್ತೆ, ನೆಲದ ಮೇಲಿದ್ದಾಗ ಒಂಥರಾ, ಸೇತುವೆ ಮೇಲೆ ಬಂದಾಗ ಟೊಳ್ಳು ಟೊಳ್ಳಾಗಿ ಗುಡುಗಿದ ಹಾಗೆ. ಆ ಸದ್ದು ಕಿವಿಯಲ್ಲಿಟ್ಕೊಳ್ಳಿ. ರಾತ್ರಿ ನಿದ್ದೇಲಿ ಕೃಷ್ಣಾ, ಮರುದಿನ ಭೂಸಾವಳ ಹತ್ರ ತಾಪಿ, ರಾತ್ರಿ ನರ್ಮದಾ, ಬೆಳಗಿನ ಜಾವ ಚಂಬಲ್, ಪ್ರತಿ ಸಲ ಅದೇ ಸದ್ದು ಬಂದಾಗ ಎಚ್ಚರ ಆಗಿ ಕಿಟಕಿಗೆ ಹಣೆ ಹಚ್ಚಿ ನೋಡ್ತೀನಿ. ಸಮಾಜ ಪಾಠದಲ್ಲಿ ಮಕ್ಕಳಿಗೆ ಹೇಳೋ ನದಿಗಳು ಹೇಳಿದ ಕ್ರಮದಲ್ಲೇ ಒಂದಾದ ಮೇಲೆ ಒಂದು ಬರೋದು ನೋಡಿದಾಗ ನಂಗೆ ಗಂಟಲು ಉಬ್ಬಿ ಬರುತ್ತೆ, ಈಗಲೂ. ಹತ್ತಿ ಹೊಲ, ಆಮೇಲೆ ಬಾಳೆ ತೋಟ, ಆಮೇಲೆ ಗೋಧಿ, ನೆಲದ ಬಣ್ಣ ಕಪ್ಪಿಂದ ಬೂದಿಗೆ ತಿರುಗೋದು, ಚಾ ಮಾರೋರ ಭಾಷೆ ಬದಲಾಗೋದು. ಬೆಟ್ಟ ಎಷ್ಟು ದೂರ ಇದೆ, ಎಷ್ಟು ಬಯಲು ದಾಟಿ ಆಮೇಲೆ ನೆಲ ಮೇಲೆದ್ದಿದೆ ಅಂತ ಮೈಗೆ ಗೊತ್ತಾಗೋದು ಹೀಗೇ. ಫ್ಲೈಟಲ್ಲಿ ಇಳಿದವರಿಗೆ ಬೆಟ್ಟ ಫೋಟೋ ಹಾಗೆ ಎದುರಿಗೆ ಬಂದು ನಿಂತುಬಿಡುತ್ತೆ.

ಕಾಲ್ಕಾ–ಶಿಮ್ಲಾ ದಾರಿ ಬಗ್ಗೆ ನಾನು ಎಷ್ಟು ಹೇಳಿದ್ರೂ ಕಮ್ಮಿನೇ. 1903ರಲ್ಲಿ ಶುರುವಾದ 96 ಕಿಲೋಮೀಟರ್ ದಾರಿ, ಕಾಲ್ಕಾ 656 ಮೀಟರ್ ಎತ್ತರದಲ್ಲಿದೆ, ಶಿಮ್ಲಾ ಸ್ಟೇಷನ್ 2,075 ಮೀಟರ್. ನಮ್ಮ ದಾವಣಗೆರೆ ಸುಮಾರು 600 ಮೀಟರ್, ಅಂದ್ರೆ ಕಾಲ್ಕಾ ತನಕ ಹೋದ್ರೂ ನೀವಿನ್ನೂ ಮನೆಯಷ್ಟೇ ಎತ್ತರದಲ್ಲಿರ್ತೀರಿ, ನಿಜವಾದ ಹತ್ತೋದು ಅಲ್ಲಿಂದ. ಹಳಿಗಳ ನಡುವಿನ ಅಗಲ ಎರಡೂವರೆ ಅಡಿ. ಸುರಂಗಗಳಿಗೆ ನಂಬರ್ ಬರೆದಿರ್ತಾರೆ, 103ರ ತನಕ ಹೋಗುತ್ತೆ, ಆದ್ರೆ 46ನೇದು ಈಗಿಲ್ಲ, ಇರೋದು 102. ಮೂವತ್ತಮೂರನೇದು ಬರೋಗ್, ಎಲ್ಲಕ್ಕಿಂತ ಉದ್ದ, 1,143 ಮೀಟರ್, ಅದರ ಆಚೆ ಬಾಯಲ್ಲೇ ಸ್ಟೇಷನ್, ಕತ್ತಲಿಂದ ಹೊರಗೆ ಬಂದ ಕೂಡ್ಲೇ ಟ್ರೈನ್ ನಿಲ್ಲುತ್ತೆ, ಇಳಿದ್ರೆ ಪೈನ್ ಮರದ ವಾಸನೆ. ಒಂದೇ ಹಳಿ ಆದ್ದರಿಂದ ಟೋಕನ್ ಪದ್ಧತಿ ಇದೆ. ಸ್ಟೇಷನ್ ಸಿಬ್ಬಂದಿ ದೊಡ್ಡ ಬಳೆಯಂಥದ್ದಕ್ಕೆ ಕಟ್ಟಿದ ಚರ್ಮದ ಚೀಲ ಡ್ರೈವರ್ ಕೈಗೆ ಕೊಡ್ತಾರೆ, ಅದರೊಳಗೆ ಲೋಹದ ಗುಂಡು ಇರುತ್ತೆ, ಆ ಗುಂಡು ಕೈಗೆ ಬರದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಗಾಡಿ ಬಿಡೋ ಹಾಗಿಲ್ಲ. ಒಂದು ಸ್ಟೇಷನ್ನಲ್ಲಿ ನಾನು ಬಾಗಿಲ ಹತ್ರ ನಿಂತು ನೋಡ್ತಿದ್ದೆ, ಸ್ವೆಟರ್ ಮೇಲೆ ಕೋಟು ಹಾಕ್ಕೊಂಡಿದ್ದ ವಯಸ್ಸಾದ ಒಬ್ರು ಆ ಬಳೆನ ಭುಜಕ್ಕೆ ಏರಿಸ್ಕೊಂಡು ಪ್ಲಾಟ್‌ಫಾರ್ಮಲ್ಲಿ ನಡ್ಕೊಂಡು ಬರ್ತಿದ್ರು, ಅವಸರ ಇಲ್ಲ, ಇಡೀ ಟ್ರೈನು ಅವರಿಗೋಸ್ಕರ ಕಾಯ್ತಾ ಇತ್ತು.

ಐದು ಗಂಟೆ ಮೇಲೆ ಹಿಡಿಯುತ್ತೆ, ಟ್ಯಾಕ್ಸಿಯಲ್ಲಿ ಹೋದ್ರೆ ಮೂರು ಮೂರೂವರೆ. ಟಾಯ್ ಟ್ರೈನಿಗೆ ಟಿಕೆಟ್ ಮೊದಲೇ ಮಾಡಿಸ್ಕೊಳ್ಳಿ, ಆದ್ರೆ ದಾವಣಗೆರೆಯಿಂದ ಬರೋ ಟ್ರೈನ್ ತಲುಪೋ ದಿನಕ್ಕೇ ಮಾಡಿಸ್ಬೇಡಿ. ಒಂದ್ಸಲ ಡಿಸೆಂಬರಲ್ಲಿ ಮಂಜು ಬಿದ್ದು ನನ್ನ ಟ್ರೈನ್ ದೆಹಲಿ ಮುಟ್ಟೋ ಹೊತ್ತಿಗೇ ಐದು ಗಂಟೆ ಲೇಟು, ಆಗ ಚಂಡೀಗಢದಲ್ಲಿ ಉಳಿಯೋ ರಾತ್ರಿ ಇದ್ದಿದ್ದಕ್ಕೇ ಮರುದಿನದ ಟಿಕೆಟ್ ಉಳೀತು.

ಡಾರ್ಜಿಲಿಂಗ್‌ಗೆ ಮಾತ್ರ ಫ್ಲೈಟು

ಇಲ್ಲಿ ನನ್ನ ಟ್ರೈನಿನ ಪ್ರೀತಿ ಪಕ್ಕಕ್ಕಿಟ್ಟು ಹೇಳ್ತಿದೀನಿ. ಡಾರ್ಜಿಲಿಂಗ್‌ಗೆ ನ್ಯೂ ಜಲಪೈಗುರಿಯಲ್ಲಿ ಇಳೀಬೇಕು, ಅಲ್ಲಿಗೆ ನಮ್ಮೂರಿಂದ ನೇರ ಟ್ರೈನ್ ಇಲ್ಲ, ಹೇಗೂ ಬೆಂಗಳೂರಿಗೆ ಹೋಗಿ ಬೈಯಪ್ಪನಹಳ್ಳಿ ಕಡೆ ಸ್ಟೇಷನ್ನಿಂದ ಹತ್ತಬೇಕು, ಆಮೇಲೆ ಎರಡು ರಾತ್ರಿ ಮೇಲೇ ಪ್ರಯಾಣ. ಬೆಂಗಳೂರಿಗೆ ಹೋಗೋದೇ ಆದ್ರೆ ಅಲ್ಲಿಂದ ಬಾಗ್‌ಡೋಗ್ರಾಗೆ (ಡಾರ್ಜಿಲಿಂಗ್‌ಗೆ ಹತ್ತಿರದ ಏರ್‌ಪೋರ್ಟ್) ನೇರ ಫ್ಲೈಟ್ ಹಿಡಿದ್ರೆ ಮೂರು ಗಂಟೆಯ ಕೆಲಸ. ದಸರಾ ರಜೆಯಲ್ಲಿ ಹೋಗೋರಿಗೆ ಇನ್ನೂ ಒಂದು ಮಾತು, ಅದೇ ಹೊತ್ತಿಗೆ ಬಂಗಾಳದಲ್ಲಿ ದುರ್ಗಾ ಪೂಜೆ, ಆ ಕಡೆ ಟ್ರೈನುಗಳಲ್ಲಿ ಬರ್ತ್ ಸಿಗೋದು ಕಷ್ಟ, ಊರಿಗೆ ಹೋಗೋರು ತುಂಬಿರ್ತಾರೆ.

ಟ್ರೈನಿನ ಆಸೆನ ಬೆಟ್ಟದ ಮೇಲೆ ತೀರಿಸ್ಕೊಳ್ಳಿ. ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ 1881ರದು, ಬರೀ ಎರಡು ಅಡಿ ಅಗಲದ ಹಳಿ, 88 ಕಿಲೋಮೀಟರ್, 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಕಡಿದಾದ ಕಡೆ ಟ್ರೈನು ಮುಂದೆ ಹೋಗಿ, ಹಿಂದಕ್ಕೆ ಸರಿದು, ಮತ್ತೆ ಮುಂದೆ ಹೋಗಿ ಹೀಗೆ ಅಂಕುಡೊಂಕಾಗಿ ಎತ್ತರ ಗಳಿಸುತ್ತೆ. ಪೂರ್ತಿ ದಾರಿ ಏಳು ಗಂಟೆ ಮೇಲೆ ಹಿಡಿಯುತ್ತೆ, ಮಳೆಗಾಲದಲ್ಲಿ ಗುಡ್ಡ ಕುಸಿದು ನಿಂತು ಹೋಗೋದೂ ಇದೆ. ನಂಗೆ ಅನಿಸೋ ಪ್ರಕಾರ ಬಾಗ್‌ಡೋಗ್ರಾದಿಂದ ಶೇರಿಂಗ್ ಜೀಪಲ್ಲಿ ಮೇಲೆ ಹೋಗಿ, ಅಲ್ಲಿಂದ ಘೂಮ್ ತನಕ ಹೋಗಿ ಬರೋ ಜಾಯ್ ರೈಡ್ ಮಾಡೋದು ಸಾಕು. ಘೂಮ್ 2,258 ಮೀಟರ್, ಭಾರತದ ರೈಲ್ವೆ ಸ್ಟೇಷನ್ನುಗಳಲ್ಲೇ ಅತಿ ಎತ್ತರದ್ದು.

ದೆಹಲಿ ಮೇಲೆ ಬಾಗ್‌ಡೋಗ್ರಾಗೆ ಹೋಗೋದಾದ್ರೆ ಎಡಗಡೆ ಕಿಟಕಿ ಸೀಟ್ ತಗೊಳ್ಳಿ. ವಿಮಾನ ಪೂರ್ವಕ್ಕೆ ಹೋಗುತ್ತೆ, ಹಿಮಾಲಯ ಉತ್ತರಕ್ಕಿದೆ, ಹಾಗಾಗಿ ಎಡಕ್ಕೆ. ಬರುವಾಗ ಬಲಕ್ಕೆ. ರೆಕ್ಕೆ ಮೇಲಿನ ಸೀಟ್ ಬೇಡ. ಅಕ್ಟೋಬರ್ ಬೆಳಗ್ಗೆ ಮೋಡದ ಮೇಲೆ ಬಿಳಿ ಗೆರೆ ಕಂಡಾಗ ಮೊದಲು ಅದೂ ಮೋಡನೇ ಅನ್ಕೊಂಡಿದ್ದೆ, ಸ್ವಲ್ಪ ಹೊತ್ತಾದ್ಮೇಲೂ ಅದು ಅಲುಗಾಡ್ಲಿಲ್ಲ, ಆಗ ಗೊತ್ತಾಯ್ತು. ಫ್ಲೈಟಿನ ಪರವಾಗಿ ನಾನು ಹೇಳೋ ದೊಡ್ಡ ಮಾತು ಇದೇ, ಆ ಸಾಲುಸಾಲು ಹಿಮದ ಬೆಟ್ಟನ ಅಷ್ಟು ಉದ್ದಕ್ಕೆ ಒಂದೇ ನೋಟದಲ್ಲಿ ಯಾವ ಟ್ರೈನೂ ತೋರಿಸಲ್ಲ.

ಲೇಹ್: ಫ್ಲೈಟ್ ಸುಲಭ, ಮೈಗೆ ಕಷ್ಟ

ಲೇಹ್‌ಗೆ ಟ್ರೈನ್ ಇಲ್ಲವೇ ಇಲ್ಲ. ಇರೋ ದಾರಿ ಎರಡು, ದೆಹಲಿಯಿಂದ ಫ್ಲೈಟು ಒಂದು ಕಾಲು ಗಂಟೆ, ಇಲ್ಲಾ ಬೇಸಿಗೆಯಲ್ಲಿ ಮನಾಲಿ ಕಡೆಯಿಂದಲೋ ಶ್ರೀನಗರ ಕಡೆಯಿಂದಲೋ ರಸ್ತೆ. ಅಲ್ಲಿನ ಏರ್‌ಪೋರ್ಟ್ 3,256 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ಆದ್ರೆ ಗಾಳಿ ಜೋರಾಗುತ್ತೆ ಅಂತ ಫ್ಲೈಟ್‌ಗಳೆಲ್ಲ ಹೆಚ್ಚಾಗಿ ಬೆಳಗಿನ ಹೊತ್ತೇ.

ನಾನು ಫ್ಲೈಟಲ್ಲೇ ಹೋದೆ. ಅವ್ವ ಖಾರ ಮಂಡಕ್ಕಿನ ಪ್ಲಾಸ್ಟಿಕ್ ಪ್ಯಾಕೆಟಿಗೆ ಹಾಕಿ ಮೇಣದಬತ್ತಿ ಉರಿಗೆ ಹಿಡಿದು ಬಾಯಿ ಅಂಟಿಸಿ ಕೊಟ್ಟಿದ್ದಳು, ಲೇಹ್‌ನ ರೂಮಲ್ಲಿ ಬ್ಯಾಗ್ ತೆಗೆದ್ರೆ ಆ ಪ್ಯಾಕೆಟ್ ಬಲೂನ್ ಥರ ಊದ್ಕೊಂಡು ಕೂತಿತ್ತು, ಬೆರಳಲ್ಲಿ ಒತ್ತಿದ್ರೆ ಗಟ್ಟಿ. ಒಳಗಿದ್ದಿದ್ದು ದಾವಣಗೆರೆ ಗಾಳಿ, ಹೊರಗಿದ್ದಿದ್ದು ಲೇಹ್ ಗಾಳಿ. ಸಮುದ್ರ ಮಟ್ಟದಲ್ಲಿರೋ ಒತ್ತಡದ ಮೂರರಲ್ಲಿ ಎರಡು ಪಾಲು ಅಷ್ಟೇ ಅಲ್ಲಿರೋದು, ಪ್ರತಿ ಉಸಿರಿಗೂ ಸಿಗೋ ಆಮ್ಲಜನಕನೂ ಅಷ್ಟೇ. ಸೈನ್ಸ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಆದ್ರೆ ಅದೇ ಒತ್ತಡ ನಿಮ್ಮ ಮೈ ಮೇಲೂ ಕೆಲಸ ಮಾಡ್ತಿರುತ್ತೆ. ಸಂಜೆ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಯ್ತು, ಊಟ ಸೇರ್ಲಿಲ್ಲ, ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳ್ಳೋದು. ಜೊತೆಗೆ ಯಾರೂ ಇಲ್ಲದಾಗ ಇದು ಸಣ್ಣ ವಿಷಯ ಅಲ್ಲ ನೋಡಿ, "ಯಾಕೋ ನಿನ್ನ ಮುಖ ಸರಿ ಇಲ್ಲ" ಅಂತ ಹೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ. ನಾನು ಉಳಿದಿದ್ದ ಮನೆ ನಡೆಸೋ ಅಜ್ಜಿಗೆ ಮೊದಲೇ ಹೇಳಿಟ್ಟಿದ್ದೆ, ನಾನು ಒಬ್ಳೇ, ಊಟಕ್ಕೆ ಬರದೇ ಇದ್ರೆ ಬಾಗಿಲು ತಟ್ಟಿ ಅಂತ. ಅವರು ಎರಡು ಸಲ ಬಂದು ತಟ್ಟಿದ್ರು.

ಹಾಗಾಗಿ ಲೇಹ್‌ಗೆ ಫ್ಲೈಟಲ್ಲಿ ಹೋಗೋರು ಮೊದಲ ಎರಡು ದಿನ ಏನೂ ಇಟ್ಕೊಳ್ಬೇಡಿ, ರೂಮು, ನೀರು, ನಿಧಾನ ನಡಿಗೆ ಅಷ್ಟೇ. ಖರ್ದುಂಗ್ ಲಾ 5,300 ಮೀಟರ್ ದಾಟಿದ ಜಾಗ, ಅಲ್ಲಿಗೆ ಮೊದಲ ದಿನವೇ ಓಡೋದು ತಪ್ಪು. ಉಸಿರಾಟದ ತೊಂದರೆ, ಹಾರ್ಟಿನ ತೊಂದರೆ ಇರೋರು ಹೊರಡೋ ಮುಂಚೆ ಡಾಕ್ಟರ್ ಹತ್ರ ಮಾತಾಡ್ಲೇಬೇಕು, ಮಾತ್ರೆನೂ ಅವರು ಹೇಳಿದ್ರೆ ಮಾತ್ರ. ತಲೆನೋವು ಜಾಸ್ತಿ ಆಗ್ತಾನೇ ಹೋಗಿ ವಾಂತಿ, ತೂರಾಟ, ಕೂತಲ್ಲೇ ಉಸಿರು ಕಟ್ಟೋದು ಇದ್ರೆ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ, ಕೆಳಗೆ ಇಳೀರಿ. ಫ್ಲೈಟಲ್ಲಿ ಉಳಿಸಿದ ಎರಡು ದಿನ ಹೀಗೆ ರೂಮಲ್ಲೇ ಹೋಗುತ್ತೆ, ಆ ಲೆಕ್ಕನೂ ಸೇರಿಸ್ಕೊಳ್ಳಿ. ಹದಿನೈದು ದಿನ ರಜೆ ಇದ್ರೆ ಶ್ರೀನಗರ, ಕಾರ್ಗಿಲ್ ಮೇಲೆ ನಿಲ್ಲುತ್ತಾ ನಿಲ್ಲುತ್ತಾ ರಸ್ತೆಯಲ್ಲಿ ಹೋಗೋದೇ ಮೈಗೆ ಒಳ್ಳೇದು.

ಕಾಶ್ಮೀರದ ಬಗ್ಗೆ ಎರಡು ಮಾತು. 2025ರ ಜೂನ್ 6ಕ್ಕೆ ಕಟ್ರಾ–ಶ್ರೀನಗರ ಟ್ರೈನ್ ಶುರುವಾಗಿದ್ದು ನಿಜಕ್ಕೂ ದೊಡ್ಡ ವಿಷಯ, ಚೆನಾಬ್ ಸೇತುವೆ ನದಿ ತಳದಿಂದ 359 ಮೀಟರ್ ಎತ್ತರ, ನಮ್ಮ ಜೋಗದ 253 ಮೀಟರನ್ನ ಕಣ್ಣ ಮುಂದೆ ತಂದ್ಕೊಂಡು ಅದರ ಮೇಲೆ ಇನ್ನೂ ನೂರು ಮೀಟರ್ ಏರಿಸಿ. ಆದ್ರೆ ದಾರಿಯುದ್ದಕ್ಕೂ ಕಣಿವೆ ಕಾಣುತ್ತೆ ಅನ್ಕೊಂಡು ಹೋಗ್ಬೇಡಿ, ಕಟ್ರಾದಿಂದ ಬನಿಹಾಲ್ ತನಕದ 111 ಕಿಲೋಮೀಟರಲ್ಲಿ 97 ಕಿಲೋಮೀಟರ್ ಸುರಂಗವೇ. ಬೆಟ್ಟದ ನೋಟಕ್ಕೆ ಹೋಗೋರು ಶಿಮ್ಲಾ ದಾರಿಗೆ ಹೋಗಿ, ಕಾಶ್ಮೀರ ಕಣಿವೆನೇ ಬೇಕು ಅನ್ನೋರು ದೆಹಲಿಯಿಂದ ಫ್ಲೈಟ್ ತಗೊಳ್ಳಿ.

ಹತ್ತಿರದ ಘಟ್ಟಗಳು

ಮೂರ್ನಾಲ್ಕೇ ದಿನ ಇರೋರು, ಮೊದಲ ಸಲ ಒಬ್ರೇ ಹೊರಟೋರು ಇಲ್ಲಿಂದಾನೇ ಶುರು ಮಾಡಿ. ಊಟಿಗೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿ ಪ್ರಯಾಣ ಮಾಡಿ ಕೊಯಮತ್ತೂರು, ಬೆಳಗ್ಗೆ ಏಳು ಗಂಟೆ ಹೊತ್ತಿಗೆ ಮೆಟ್ಟುಪಾಳ್ಯದಲ್ಲಿರ್ಬೇಕು. 46 ಕಿಲೋಮೀಟರ್ ದಾರಿ, ಐದು ಗಂಟೆ. ಕಲ್ಲಾರಿನಿಂದ ಕೂನೂರಿನ ತನಕ ಹಳಿಗಳ ಮಧ್ಯೆ ಹಲ್ಲುಹಲ್ಲಾಗಿರೋ ಇನ್ನೊಂದು ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನ ಕಚ್ಕೊಂಡು ಹತ್ತುತ್ತೆ, ಎಂಜಿನ್ ಹಿಂದೆ ನಿಂತು ಬೋಗಿಗಳನ್ನ ಮೇಲಕ್ಕೆ ದೂಡುತ್ತೆ. 12 ಅಡಿ ಹೋದ್ರೆ 1 ಅಡಿ ಏರು, ಅಷ್ಟು ಕಡಿದು. ಟಿಕೆಟ್ ಬೇಗ ಖಾಲಿ ಆಗುತ್ತೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿಲೋಮೀಟರಲ್ಲಿ 57 ಸುರಂಗ, 109 ಸೇತುವೆ. ನಾವು ಅರಸೀಕೆರೆ ತನಕ ಟ್ರೈನಲ್ಲಿ ಹೋಗಿ ಹಾಸನದಲ್ಲಿ ಹಿಡೀಬೇಕು, ಯಶವಂತಪುರದಿಂದ ಬರೋ ಹಗಲಿನ ಗಾಡಿ ಕುಣಿಗಲ್ ಮೇಲೆ ಬರುತ್ತೆ, ಅರಸೀಕೆರೆಗೆ ಬರಲ್ಲ. ಹಗಲಿನ ಗಾಡಿ ಆ ವಾರ ಓಡ್ತಿದೆಯಾ ಅಂತ ನೋಡ್ಕೊಂಡೇ ಹೊರಡಿ, ಮಳೆಗಾಲದಲ್ಲಿ ಮಣ್ಣು ಕುಸಿದು ನಿಲ್ಲಿಸಿರ್ತಾರೆ.

ದೂಧಸಾಗರಕ್ಕೆ ನಮ್ಮೂರಿಂದ ನೇರ ವಾಸ್ಕೋ ಟ್ರೈನ್ ಇದೆ, ಸಂಜೆ ಮೇಲೆ ದಾವಣಗೆರೇಲಿ ಸಿಗುತ್ತೆ, ಆದ್ರೆ ಅದು ಕ್ಯಾಸಲ್‌ರಾಕ್ ಘಾಟ್ ಇಳಿಯೋದು ಕಗ್ಗತ್ತಲಲ್ಲಿ. ಏನೂ ಕಾಣಲ್ಲ. 310 ಮೀಟರಿನ ಜಲಪಾತ ನಿಮ್ಮ ಕಿಟಕಿ ಪಕ್ಕದಲ್ಲೇ ಹಾದು ಹೋದ್ರೂ ಬರೀ ಸದ್ದು, ಮುಖಕ್ಕೆ ಹನಿ. ಹುಬ್ಬಳ್ಳಿಯಲ್ಲಿ ಉಳಿದು ಬೆಳಗಿನ ಗಾಡಿ ಹಿಡೀರಿ. ಜಲಪಾತದ ಹತ್ರ ಇಳಿಯೋ ಹಾಗಿಲ್ಲ, ಹಳಿ ಮೇಲೆ ನಡೆಯೋ ಹಾಗಂತೂ ಇಲ್ಲವೇ ಇಲ್ಲ, ಒಬ್ರೇ ಇದ್ದಾಗ ಇಂಥ ಧೈರ್ಯ ಮಾಡ್ಬೇಡಿ.

ಒಬ್ರೇ ಅನ್ನೋದರ ಲೆಕ್ಕ

ಮೊದಲ ಸಲ ಶಿಮ್ಲಾಗೆ ಹೊರಟಾಗ ಅವ್ವ ಅಂದಿದ್ದು, "ಹೋಗೋದಾದ್ರೆ ಟ್ರೈನಾಗೆ ಹೋಗೇ, ನಾಕು ಮಂದಿ ಇರ್ತಾರೆ, ವಿಮಾನದಾಗೆ ಯಾರು ಯಾರನ್ನ ಮಾತಾಡಿಸ್ತಾರೆ?" ನಾನು ತಿರುಗಿ ಏನೂ ಹೇಳ್ಲಿಲ್ಲ, ಆದ್ರೆ ಅವಳು ಹೇಳಿದ್ದು ಸರಿ ಇತ್ತು. ಬೆಳಗಾವಿಯ ಒಂದು ಕುಟುಂಬ ಪುಣೆ ತನಕ ಇದ್ದರು, ಇಳಿಯೋ ಮುಂಚೆ ಎದುರು ಬರ್ತಿನ ಅಂಬಾಲಾದ ಹೆಂಗಸಿಗೆ ನನ್ನ ತೋರಿಸಿ, ಈ ಹುಡುಗಿ ಒಬ್ಳೇ, ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ ಹೋದ್ರು. ನಮ್ಮ ರೊಟ್ಟಿ ಶೇಂಗಾ ಚಟ್ನಿಪುಡಿಗೆ ಅವರ ಆಲೂ ಪರಾಠಾ.

ಹಾಗಂತ ಎಚ್ಚರ ಬೇಡ ಅಂತಲ್ಲ. ಸ್ಲೀಪರ್ ಕ್ಲಾಸಲ್ಲಿ ದೂರದ ಟ್ರೈನುಗಳಲ್ಲಿ ಹೆಣ್ಣುಮಕ್ಕಳಿಗೆ ಅಂತ ಆರು ಬರ್ತ್ ಕೋಟಾ ಇದೆ, ಬುಕ್ ಮಾಡುವಾಗ ಜನರಲ್ ಬದಲು ಲೇಡೀಸ್ ಕೋಟಾ ಆಯ್ಕೆ ಮಾಡಿ ನೋಡಿ, ಜನರಲ್ಲಲ್ಲಿ ವೇಟಿಂಗ್ ಇದ್ರೂ ಅಲ್ಲಿ ಸಿಕ್ಕಿರೋದು ಉಂಟು. ಆರ್‌ಎಸಿ ಆದ್ರೆ ಸೈಡ್ ಲೋಯರ್ ಬರ್ತನ್ನ ಇನ್ನೊಬ್ರ ಜೊತೆ ಹಂಚ್ಕೋಬೇಕು, ಎರಡು ರಾತ್ರಿಯ ದಾರಿಗೆ ಅದು ನಂಗೆ ಬೇಡ. ಕನ್ಫರ್ಮ್ ಆದ ಸೈಡ್ ಲೋಯರ್ ಮಾತ್ರ ಒಬ್ರೇ ಹೋಗೋರಿಗೆ ಚಿನ್ನದಂಥ ಸೀಟು, ಹಗಲಲ್ಲಿ ಕಿಟಕಿ ಪಕ್ಕ ಕಾಲು ಚಾಚಿ ಕೂರ್ಬಹುದು. ತೊಂದರೆ ಆದ್ರೆ 139ಕ್ಕೆ ಫೋನ್ ಮಾಡಿ, ರೈಲ್ವೆ ಪೊಲೀಸರ ಮೇರಿ ಸಹೇಲಿ ತಂಡ ಒಬ್ರೇ ಹೋಗೋ ಹೆಣ್ಣುಮಕ್ಕಳನ್ನ ಬೋಗಿಗೇ ಬಂದು ವಿಚಾರಿಸುತ್ತೆ. ಬ್ಯಾಗಿಗೆ ಚೈನು ಬೀಗ ಹಾಕಿ ಸೀಟಿನ ಕೆಳಗೆ ಕಟ್ಟಿ, ಬಾತ್‌ರೂಮಿಗೆ ಹೋಗುವಾಗ ಪರ್ಸ್ ಕೈಯಲ್ಲೇ ಇರ್ಲಿ.

ಅವ್ವನಿಗೆ ಟ್ರೈನ್ ಎಲ್ಲಿದೆ ಅಂತ ನೋಡೋ ಆ್ಯಪ್ ಹಾಕಿಕೊಟ್ಟಿದೀನಿ. ರಾತ್ರಿ ಫೋನ್ ಬರುತ್ತೆ, "ಇಟಾರ್ಸಿ ಬಂತಂತಲ್ಲ, ಊಟ ಆತಾ?" ಅವಳು ಹರಿಹರದಿಂದ ಆಚೆ ಟ್ರೈನಲ್ಲಿ ಹೋದವಳಲ್ಲ, ಈಗ ಭೋಪಾಲ್ ಆದ್ಮೇಲೆ ಯಾವ ಸ್ಟೇಷನ್ ಬರುತ್ತೆ ಅಂತ ಅವಳೇ ಹೇಳ್ತಾಳೆ.

ಬರುವಾಗ ಯಾಕೆ ಫ್ಲೈಟು

ಹೋಗುವಾಗ ಲೇಟಾದ್ರೆ ಬೆಟ್ಟದ ಮೇಲಿನ ಒಂದು ದಿನ ಕಮ್ಮಿ ಆಗುತ್ತೆ ಅಷ್ಟೇ. ಬರುವಾಗ ಲೇಟಾದ್ರೆ ಸೋಮವಾರ ಸ್ಕೂಲು ತಪ್ಪುತ್ತೆ. ಮೈಯೂ ಸೋತಿರುತ್ತೆ, ನೋಡೋ ಆಸೆನೂ ತೀರಿರುತ್ತೆ, ಆಗ ಎರಡು ರಾತ್ರಿ ಟ್ರೈನಲ್ಲಿ ಕೂರೋದು ನನ್ನ ಕೈಲಂತೂ ಆಗಲ್ಲ. ಆದ್ರೆ ಬೆಟ್ಟದ ಮೇಲಿನ ಸಣ್ಣ ಏರ್‌ಪೋರ್ಟುಗಳನ್ನ, ಶಿಮ್ಲಾದ್ದು, ಕುಲ್ಲುದ್ದು, ನಂಬ್ಕೊಂಡು ವಾಪಸ್ ಟಿಕೆಟ್ ಮಾಡ್ಬೇಡಿ, ಮೋಡ ಕವಿದ್ರೆ ಸಣ್ಣ ವಿಮಾನ ಬರೋದೇ ಇಲ್ಲ. ಹಿಂದಿನ ದಿನವೇ ಕೆಳಗೆ ಇಳಿದು ಚಂಡೀಗಢದಿಂದಲೋ ದೆಹಲಿಯಿಂದಲೋ ಹಾರಿ.

ಇನ್ನೊಂದು, ಎರಡು ಫ್ಲೈಟನ್ನ ಬೇರೆ ಬೇರೆ ಟಿಕೆಟಾಗಿ ತಗೊಳ್ಳೋದು. ಲೇಹ್‌ಗೆ ಹೋಗುವಾಗ ಸಾವಿರದೈನೂರು ಉಳಿಯುತ್ತೆ ಅಂತ ಹಾಗೆ ಮಾಡಿದ್ದೆ. ಬೆಂಗಳೂರು–ದೆಹಲಿ ವಿಮಾನ ಎರಡು ಗಂಟೆ ಲೇಟು, ಇಳಿದಿದ್ದು ಒಂದು ಟರ್ಮಿನಲ್, ಮುಂದಿನದು ಹೊರಡೋದು ಇನ್ನೊಂದು ಟರ್ಮಿನಲ್ಲಿಂದ, ಅವೆರಡೂ ಒಂದೇ ಕಟ್ಟಡದಲ್ಲಿಲ್ಲ, ಬಸ್ಸಲ್ಲಿ ಹೋಗ್ಬೇಕು. ನಾನು ಕೌಂಟರ್ ಮುಟ್ಟೋ ಹೊತ್ತಿಗೆ ಮುಚ್ಚಿದ್ರು. ಎರಡನೇ ಕಂಪನಿಯವರು ಲೇಟಾಗಿದ್ದು ನಮ್ಮಿಂದ ಅಲ್ಲ ಅಂದ್ರು, ಮೊದಲನೇಯವರು ಮುಂದಿನ ಟಿಕೆಟ್ ನಮ್ಮದಲ್ಲ ಅಂದ್ರು. ಮರುದಿನಕ್ಕೆ ಹೊಸ ಟಿಕೆಟ್ ಪೂರ್ತಿ ದುಡ್ಡು ಕೊಟ್ಟು ತಗೊಂಡೆ, ಮೂರು ತಿಂಗಳ ಉಳಿತಾಯ ಅದು. ಒಂದೇ ಪಿಎನ್‌ಆರಲ್ಲಿ (ಅಂದ್ರೆ ಒಂದೇ ಬುಕಿಂಗ್ ನಂಬರಲ್ಲಿ) ಎರಡೂ ಫ್ಲೈಟ್ ಇರ್ಲಿ, ಆಗ ಮೊದಲನೇದು ಲೇಟಾದ್ರೆ ಮುಂದಿನದಕ್ಕೆ ಕೂರಿಸೋ ಜವಾಬ್ದಾರಿ ಅವರದ್ದೇ.

ಲಗೇಜ್ ವಿಷಯ ಬೇಗ ಹೇಳ್ತೀನಿ. ಸ್ಲೀಪರಲ್ಲಿ 40 ಕಿಲೋ ತನಕ ತಗೊಂಡು ಹೋಗ್ಬಹುದು, ದೇಶದೊಳಗಿನ ಫ್ಲೈಟಲ್ಲಿ ಸಾಮಾನ್ಯವಾಗಿ ಚೆಕ್‌ಇನ್ 15, ಕೈಯಲ್ಲಿ 7. ಪವರ್ ಬ್ಯಾಂಕ್ ಕೈಬ್ಯಾಗಲ್ಲೇ ಇರ್ಬೇಕು, ಉಪ್ಪಿನಕಾಯಿ ಚೆಕ್‌ಇನ್ ಬ್ಯಾಗಲ್ಲಿ ಹಾಕಿ. ಹೋಗುವಾಗ ಟ್ರೈನ್ ಮಾಡೋದರಿಂದ ಇನ್ನೊಂದು ಅನುಕೂಲ, ತಿಂಡಿ ಎಲ್ಲಾ ದಾರಿಯಲ್ಲೇ ಖಾಲಿ ಆಗಿ ಬರುವಾಗ ಬ್ಯಾಗು ಹಗುರ, ಅಲ್ಲಿಂದ ತಂದ ಶಾಲು, ಚಹಾಪುಡಿಗೆ ಜಾಗ ಆಗುತ್ತೆ.

ಬುಕಿಂಗ್ ಕ್ರಮ ಹೀಗಿಟ್ಕೊಳ್ಳಿ. ಟ್ರೈನಿಗೆ ಈಗ 60 ದಿನ ಮುಂಚೆ ಮಾತ್ರ ಟಿಕೆಟ್ ಬಿಡ್ತಾರೆ, 2024ರ ನವೆಂಬರಿಂದ ಹೀಗೆ, ಅದಕ್ಕೂ ಮುಂಚೆ 120 ಇತ್ತು. ಮೊದಲು ಟ್ರೈನ್ ಟಿಕೆಟ್ ಕನ್ಫರ್ಮ್ ಮಾಡ್ಕೊಳ್ಳಿ, ಅದೇ ದಿನ ಕೂತು ವಾಪಸ್ ಫ್ಲೈಟ್, ಆಮೇಲೆ ಟಾಯ್ ಟ್ರೈನ್, ಕೊನೆಗೆ ರೂಮು. ತತ್ಕಾಲ್ ನಂಬ್ಕೊಂಡು ಫ್ಲೈಟ್ ಮೊದಲೇ ಮಾಡ್ಬೇಡಿ. ವಾಪಸ್ ಫ್ಲೈಟು ಬೆಂಗಳೂರಲ್ಲಿ ರಾತ್ರಿ ಎಂಟರೊಳಗೆ ಇಳಿಯೋ ಹಾಗಿರ್ಲಿ, ಮೆಜೆಸ್ಟಿಕ್ ಮುಟ್ಟಿ ದಾವಣಗೆರೆ ಬಸ್ಸು ಆರಾಮಾಗಿ ಸಿಗುತ್ತೆ, ನಸುಕಲ್ಲಿ ಊರು. ಈ ಸಲ ದಸರಾಕ್ಕೆ ನಂದು ಶಿಮ್ಲಾನೇ, ಎರಡನೇ ಸಲ, ಮತ್ತೆ ಸಂಪರ್ಕ ಕ್ರಾಂತಿಯಲ್ಲೇ, ಸೈಡ್ ಲೋಯರ್ ಸಿಕ್ಕಿದೆ. ಅವ್ವ ಬರ್ತೀನಿ ಅಂದಿದಾಳೆ, ಶಿಮ್ಲಾಗಲ್ಲ, ಹುಬ್ಬಳ್ಳಿ ತನಕ, ಅಲ್ಲಿ ಚಿಕ್ಕಮ್ಮನ ಮನೆ ಇದೆ.